ಬಿಡದಿಯ ಪಾಠ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಬಿಡದಿಯನ್ನು ಅರಿಯದವರು ವಿರಳ. ಹಿಂದೆ ಪ್ರಯಾಣಿಕರು ಅಲ್ಲಿ ಇಳಿಯುತ್ತಿದ್ದುದು ತಟ್ಟೆ ಇಡ್ಲಿಗಾಗಿ. ಈಗ ಸಹಸ್ರಾರು ಮಂದಿ ಇಳಿಯುವುದು ಕೈಗಾರಿಕಾ ಪ್ರದೇಶದ ಪಾಳಿಯ ಕೆಲಸಕ್ಕಾಗಿ. ಜಪಾನಿನ ಟೊಯೋಟಾ ಕಂಪೆನಿಯವರೂ ನಮ್ಮ ಕಿರ್ಲೋಸ್ಕರ್ ಸಮೂಹದವರೂ 1997ರಲ್ಲಿ ಕೂಡಿ ಸ್ಥಾಪಿಸಿದ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಿಂದ ಕ್ವಾಲಿಸ್ ಎಂಬ ವಾಹನವು ತಯಾರಾಗತೊಡಗಿತು. 2005ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆದರೆ ಮಾಗಡಿ, ಕನಕಪುರಗಳ ಕಡೆಯ ರಸ್ತೆಗಳಲ್ಲಿ ಜನರನ್ನೂ ಸರಕನ್ನೂ ತುಂಬಿಕೊಂಡು ಏರು ಹತ್ತುವ ಹಳೆಯ ಕ್ವಾಲಿಸ್ ಒಂದು ಇಂದಿಗೂ ಕಣ್ಣಿಗೆ ಬೀಳುವುದುಂಟು. ಅದರ ಚಾಲಕನನ್ನು ಕೇಳಿದರೆ, “ಸ್ವಾಮಿ, ಈ ಗಾಡಿ ಕೈಕೊಡುವುದಿಲ್ಲ” ಎನ್ನುವನು.

ಕೈಕೊಡದಿರುವುದು! ಒಂದು ಪದಾರ್ಥಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇರೊಂದಿಲ್ಲ. ಇಂಜಿನಿಯರುಗಳು ಇದನ್ನೇ ವಿಶ್ವಾಸಾರ್ಹತೆಯೆಂದು ಕರೆದು, ಅದಕ್ಕೆ ಪ್ರತ್ಯೇಕವಾದ ಶಾಸ್ತ್ರವನ್ನೇ ಕಟ್ಟಿರುವರು. ಗೊತ್ತಾದ ಪರಿಸ್ಥಿತಿಯಲ್ಲಿ, ಗೊತ್ತಾದ ಕಾಲದವರೆಗೆ, ತನಗೆ ವಿಧಿಸಿದ ಕೆಲಸವನ್ನು ಪದಾರ್ಥವು ತಪ್ಪದೆ ನೆರವೇರಿಸುವ ಸಂಭವ ಎಷ್ಟು ಎಂಬುದೇ ಆ ಶಾಸ್ತ್ರದ ಪ್ರಶ್ನೆ. ಈ ಪ್ರಶ್ನೆಯು ಕಾರ್ಖಾನೆಯ ಗೇಟಿನೊಳಗೆ ನಿತ್ಯವೂ ಕೇಳಲ್ಪಡುತ್ತಿದೆ. ಗೇಟಿನ ಹೊರಗೆ ಕೇಳುವವರು ಯಾರು? ಇಂದು ನಾವು ವಾಚಕರ ಮುಂದಿಡಬೇಕೆಂದಿರುವುದು ಇದನ್ನೇ.

ಮೊದಲು ಒಂದು ಸಣ್ಣ ಲೆಕ್ಕ. ಚನ್ನಪಟ್ಟಣದ ಕುಶಲಿಗಳು ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಬಳಿದು ಮಾಡುವ ಬುಗುರಿಯಲ್ಲಿ ಇರುವುದು ಹೆಚ್ಚೆಂದರೆ ಒಂದೆರಡು ಭಾಗ. ಆದುದರಿಂದಲೇ ಅಜ್ಜನ ಕಾಲದ ಬುಗುರಿಯಿಂದ ಮೊಮ್ಮಗನು ಆಡಬಲ್ಲನು. ಆದರೆ ನೂರು ಭಾಗಗಳುಳ್ಳ ಯಂತ್ರವೊಂದನ್ನು ಭಾವಿಸಿರಿ. ಒಂದು ಭಾಗ ಕೆಟ್ಟರೂ ಯಂತ್ರ ನಿಲ್ಲುವುದು. ಪ್ರತಿಯೊಂದು ಭಾಗವೂ ನೂರರಲ್ಲಿ 99 ಸಾರಿ ಸರಿಯಾಗಿ ನಡೆಯುವುದು. ಇದು ಉತ್ತಮ ಯಂತ್ರವೆಂದು ಯಾರಿಗಾದರೂ ತೋರೀತು. ಆದರೆ ಗುಣಿಸಿ ನೋಡಿದರೆ, ಇಡೀ ಯಂತ್ರವು ಸರಿಯಾಗಿ ನಡೆಯುವುದು ನೂರರಲ್ಲಿ ಸುಮಾರು 37 ಸಾರಿ ಮಾತ್ರ! ಮೋಟಾರು ವಾಹನದಲ್ಲಿ ಸಣ್ಣ ಮೊಳೆಗಳೂ ಸೇರಿ ಸುಮಾರು 30,000 ಭಾಗಗಳಿವೆಯೆಂದು ಹೇಳುವರು. ಅವುಗಳಲ್ಲಿ ಪ್ರತಿಯೊಂದೂ ಲಕ್ಷಕ್ಕೆ ಒಂದು ಸಾರಿ ಮಾತ್ರ ಕೆಡುವಂಥದಾದರೂ, ನೂರು ವಾಹನಗಳಲ್ಲಿ ಇಪ್ಪತ್ತಾರರಲ್ಲಿ ಎಲ್ಲಿಯೋ ಒಂದು ದೋಷ ತಲೆದೋರಲೇಬೇಕು. “ಸುಮಾರಾಗಿ ಸರಿಯಿದೆ, ನಡೆಯುತ್ತದೆ ಬಿಡಿ” ಎಂಬ ನಮ್ಮ ನಿತ್ಯದ ಸಮಾಧಾನವು ಎಷ್ಟು ದುಬಾರಿಯಾದುದೆಂಬುದನ್ನು ಈ ಲೆಕ್ಕವೊಂದೇ ತಿಳಿಸುವುದು.

ಹಾಗಾದರೆ ಕೈಕೊಡದ ವಸ್ತು ಹುಟ್ಟುವುದು ಹೇಗೆ? ಇದರ ಮೂಲವು ಮೋಟಾರಿನಲ್ಲಿ ಅಲ್ಲ, ಮಗ್ಗದಲ್ಲಿದೆ. ಟೊಯೋಟಾ ಮನೆತನದ ಹಿರಿಯರಾದ ಸಾಕಿಚಿ ಟೊಯೋಡಾ ಅವರು ಬಡಗಿಯ ಮಗನಾಗಿ ಹುಟ್ಟಿ, ಮಗ್ಗಗಳನ್ನು ಸುಧಾರಿಸುವುದರಲ್ಲಿ ಜೀವಮಾನವನ್ನು ಸವೆಸಿದವರು. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗದ ವೈಶಿಷ್ಟ್ಯವೇನೆಂದರೆ, ಹಾಸಿನಲ್ಲಾಗಲಿ ಹೊಕ್ಕಿನಲ್ಲಾಗಲಿ ಒಂದು ಎಳೆ ಕಡಿದರೆ ಮಗ್ಗವು ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ನೇಯುವುದಕ್ಕಿಂತ ನೇಯದೆ ನಿಲ್ಲುವುದು ಮೇಲು ಎಂಬುದು ಅದರ ತತ್ತ್ವ. ಏಷ್ಯದವನೊಬ್ಬನು ರಚಿಸಿದ ಆ ಯಂತ್ರದ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪೆನಿಯವರು 1929ರಲ್ಲಿ ಹಣ ಕೊಟ್ಟು ಕೊಂಡರು. ಬಿಡದಿಯಿಂದ ಅನತಿದೂರದಲ್ಲಿರುವ ರಾಮನಗರದ ರೀಲರುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ರೇಷ್ಮೆಗೂಡಿನಿಂದ ಬಿಚ್ಚುವ ಎಳೆ ಕಡಿದಾಗ ಕಾಣದವರಂತೆ ಚರಕ ತಿರುಗಿಸಿದರೆ ನೂಲು ಏನಾಗುವುದೆಂಬುದು ಅವರಿಗೆ ಗೊತ್ತು.

ಅದೇ ತತ್ತ್ವವು ಮಗ್ಗದಿಂದ ಮೋಟಾರು ಕಾರ್ಖಾನೆಗೆ ಬಂದಿತು. ದೋಷ ಕಂಡ ಸಾಮಾನ್ಯ ಕೆಲಸಗಾರನೂ ಮೇಲೆ ಕಟ್ಟಿದ ಹಗ್ಗವನ್ನು ಎಳೆದು ಸಹಾಯಕ್ಕೆ ಕರೆಯಬಹುದು. ದೋಷ ಬಗೆಹರಿಯದಿದ್ದರೆ ಇಡೀ ಸಾಲಿನ ಕೆಲಸವೇ ನಿಲ್ಲುವುದು. ಆಮೇಲೆ “ಯಾರು ಮಾಡಿದರು?” ಎಂದಲ್ಲ, “ಏಕೆ ಆಯಿತು?” ಎಂದು ಕೇಳತಕ್ಕದ್ದು, ಅದೂ ಒಂದು ಸಾರಿಯಲ್ಲ, ಐದು ಸಾರಿ. ಮೊದಲನೆಯ ಉತ್ತರದಲ್ಲಿ ದೋಷದ ಎಲೆ ಮಾತ್ರ ಕಾಣುವುದು. ಐದನೆಯದಕ್ಕೆ ಬೇರು ಕೈಗೆ ಸಿಕ್ಕುವುದು.

ಈ ಪದ್ಧತಿಯನ್ನು ಗೇಟಿನ ಹೊರಗೆ ಒಮ್ಮೆ ಪ್ರಯೋಗಿಸಿ ನೋಡೋಣ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ವಾರ ಕಳೆಯುವುದರೊಳಗೆ ಸುರಿದ ಒಂದು ರಾತ್ರಿಯ ಮಳೆಗೆ ರಾಮನಗರದ ಬಳಿ ರಸ್ತೆಯ ಮೇಲೆ ನೀರು ನಿಂತು ವಾಹನಗಳು ಸಿಕ್ಕಿಕೊಂಡವು. 2022ರ ಆಗಸ್ಟಿನ ಕೊನೆಯ ಮಳೆಯಲ್ಲಿಯೂ ಆ ಸೀಮೆಯಲ್ಲಿ ಇದೇ ಅವಸ್ಥೆಯಾಗಿತ್ತು. ನೀರು ಏಕೆ ನಿಂತಿತು? ಹರಿದುಹೋಗುವ ಚರಂಡಿ ಮುಚ್ಚಿತ್ತು. ಏಕೆ ಮುಚ್ಚಿತ್ತು? ಹಳ್ಳಿಯವರು ದಾರಿ ಮಾಡಿಕೊಳ್ಳುವುದಕ್ಕಾಗಿ ಅದರ ಮೇಲೆ ಮಣ್ಣು ತುಂಬಿದ್ದರೆಂದು ಹೆದ್ದಾರಿ ಪ್ರಾಧಿಕಾರದವರು ವಿವರಣೆಯಿತ್ತರು. ನಮ್ಮಲ್ಲಿ ವಿಚಾರಣೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುವುದು, ಅಪರಾಧಿ ಸಿಕ್ಕಿದನಷ್ಟೆ! ಆದರೆ ಉಳಿದ ಮೂರು ಪ್ರಶ್ನೆಗಳನ್ನು ಯಾರು ಕೇಳಬೇಕು? ಹಳ್ಳಿಯವರಿಗೆ ಆ ದಾರಿ ಏಕೆ ಬೇಕಾಯಿತು? ನಕ್ಷೆ ಬರೆಯುವಾಗ ಅವರು ನಡೆದಾಡುವ ಎಡೆಯನ್ನು ಏಕೆ ವಿಚಾರಿಸಲಿಲ್ಲ? ಚರಂಡಿಯ ಮೇಲೆ ಮಣ್ಣು ಬಿದ್ದುದು ಮಳೆ ಬರುವ ಮೊದಲು ಯಾವ ಅಧಿಕಾರಿಯ ಕಣ್ಣಿಗೂ ಏಕೆ ಬೀಳಲಿಲ್ಲ? ಜನರು ಒಂದು ವಸ್ತುವನ್ನು ಹೇಗೆ ಬಳಸುವರೆಂಬುದು ಆ ವಸ್ತುವಿನ ಪರಿಸ್ಥಿತಿಗೆ ಸೇರಿದ ಸಂಗತಿ. ಹಳ್ಳಿಯೇ ಇಲ್ಲದ ಬಯಲಿನಲ್ಲಿ ಮಾತ್ರ ನೀರು ಹರಿಸಬಲ್ಲ ಚರಂಡಿಯನ್ನು ನೆಚ್ಚತಕ್ಕ ಚರಂಡಿಯೆನ್ನಲಾಗದು.

ಯಂತ್ರಗಳಿಗೂ ಮನುಷ್ಯರಂತೆ ಮೂರು ಅವಸ್ಥೆಗಳುಂಟೆಂದು ಈ ಶಾಸ್ತ್ರವು ಹೇಳುವುದು. ಹೊಸದರಲ್ಲಿ ಬಾಲಾರಿಷ್ಟಗಳು, ಅವುಗಳನ್ನು ದಾಟಿದರೆ ನಿಶ್ಚಿಂತೆಯ ಯೌವನ, ಕೊನೆಗೆ ಸವೆತದ ವಾರ್ಧಕ್ಯ. ಬಾಲಾರಿಷ್ಟಕ್ಕೆ ಮದ್ದು, ಜನರ ಕೈಗೆ ಕೊಡುವ ಮೊದಲೇ ಕಠಿನವಾದ ಪರೀಕ್ಷೆ. ವಾರ್ಧಕ್ಯಕ್ಕೆ ಮದ್ದು, ಕೆಡುವ ಮೊದಲೇ ಭಾಗವನ್ನು ಬದಲಿಸುವುದು. ನಮ್ಮ ಮುದ್ರಣಾಲಯದ ಹಳೆಯ ಫೋರಮನ್ನರು ಯಾವ ಕಾಲೇಜನ್ನೂ ಕಂಡವರಲ್ಲ. ಆದರೂ ಯಂತ್ರ ನಿಂತಾಗಲೆಲ್ಲ ತಾರೀಖು, ವೇಳೆ, ಕೆಟ್ಟ ಭಾಗ, ಕಂಡ ಕಾರಣ ಇವನ್ನು ಒಂದು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದು ದಿನ ಆ ಪುಸ್ತಕವನ್ನು ನಮ್ಮ ಮುಂದಿಟ್ಟು, “ಯಜಮಾನರೆ, ಈ ಬೆಲ್ಟು ಐದು ತಿಂಗಳಿಗೊಮ್ಮೆ ತಪ್ಪದೆ ಹರಿಯುತ್ತಿದೆ, ನಾಲ್ಕಕ್ಕೇ ಬದಲಿಸೋಣ” ಎಂದರು. ಚೆನ್ನಾಗಿರುವ ಬೆಲ್ಟಿಗೆ ಹಣವೇಕೆಂದು ನಾವು ಅನುಮತಿ ಕೊಡಲಿಲ್ಲ. ಮುಂದಿನ ತಿಂಗಳು ಅದು ನಡುರಾತ್ರಿಯಲ್ಲಿ ಹರಿದು, ಪತ್ರಿಕೆಯು ಮುಂಜಾನೆಯ ಬಸ್ಸಿಗೆ ತಪ್ಪಿತು. ಉಳಿಸಿದ ಹಣಕ್ಕಿಂತ ಆ ಒಂದು ದಿನದ ನಷ್ಟವೇ ಹೆಚ್ಚಾಯಿತು. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕುವ ಬುದ್ಧಿ ಸರ್ಕಾರದವರಿಗೆ ಮಾತ್ರ ಇರುವುದೆಂದು ನಾವು ಹೇಳಲಾರೆವು.

ಬಿಡದಿಯ ಕಾರ್ಖಾನೆಯನ್ನು ಹೊಗಳಿ ಬರೆಯುವುದು ನಮ್ಮ ಉದ್ದೇಶವಲ್ಲ. ಇಷ್ಟೆಲ್ಲ ಶಿಸ್ತಿಗೆ ಹೆಸರಾದ ಟೊಯೋಟಾ ಕಂಪೆನಿಯೇ 2009–10ರಲ್ಲಿ ವೇಗವರ್ಧಕ ಪೆಡಲಿನ ಮತ್ತು ನೆಲಹಾಸಿನ ದೋಷಗಳಿಗಾಗಿ ಜಗತ್ತಿನ ನಾನಾ ದೇಶಗಳಿಂದ ಲಕ್ಷಾಂತರ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಅಕಿಯೋ ಟೊಯೋಡಾ ಅವರು 2010ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರತಿನಿಧಿಗಳ ಮುಂದೆ ನಿಂತು ಕ್ಷಮೆ ಯಾಚಿಸಿ, ತಾವು ಅತಿ ವೇಗವಾಗಿ ಬೆಳೆಯಹೋದುದೇ ಇದಕ್ಕೆ ಕಾರಣವಾಗಿರಬಹುದೆಂದು ಒಪ್ಪಿಕೊಂಡರು. ಬಿಡದಿಯಲ್ಲಿಯೇ 2020ರ ನವೆಂಬರಿನಲ್ಲಿ ಆರಂಭವಾದ ಮುಷ್ಕರ ಮತ್ತು ಬೀಗಮುದ್ರೆಯ ವಿವಾದವು ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆಯು ಮಿತಿಮೀರಿದೆಯೆಂಬುದು ಕಾರ್ಮಿಕ ಸಂಘದವರ ದೂರುಗಳಲ್ಲಿ ಒಂದಾಗಿತ್ತು. ಆ ವಿವಾದದ ನ್ಯಾಯಾನ್ಯಾಯವನ್ನು ಇಲ್ಲಿ ತೂಗಹೊರಟಿಲ್ಲ. ಆದರೆ ಯಂತ್ರದ ಭಾಗಗಳಿಗೆ ತಾಳಿಕೆಯ ಮೇರೆಯನ್ನು ಗೊತ್ತುಮಾಡುವವರು, ಅವುಗಳನ್ನು ಜೋಡಿಸುವ ಕೈಗೂ ಒಂದು ಮೇರೆಯುಂಟೆಂಬುದನ್ನು ಮರೆಯಲಾಗದು. ದಣಿದ ಕೈಯಿಂದ ನೆಚ್ಚತಕ್ಕ ವಸ್ತು ಹೊರಬರುವುದಿಲ್ಲ.

ತಪ್ಪು ಯಾರಿಗೂ ಬಿಟ್ಟುದಲ್ಲ. ತಪ್ಪನ್ನು ಬರೆದಿಡುವುದು, ಒಪ್ಪಿಕೊಳ್ಳುವುದು, ಅದು ಮರುಕಳಿಸದಂತೆ ನಕ್ಷೆಯನ್ನೇ ತಿದ್ದುವುದು ಇವು ಮೂರೇ ವಿಶ್ವಾಸಾರ್ಹತೆಯ ಅಡಿಪಾಯ. ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ನಡೆದಿದೆ. ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆಜ್ಞಾಪಿಸುವ ಅಧಿಕಾರವನ್ನು 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆಯು ಸರ್ಕಾರಕ್ಕೆ ಕೊಟ್ಟಿದೆ. ದೋಷಯುಕ್ತ ಪದಾರ್ಥದಿಂದ ಹಾನಿಯಾದರೆ ಅದನ್ನು ತಯಾರಿಸಿದವನನ್ನೇ ಹೊಣೆಗಾರನನ್ನಾಗಿ ಮಾಡುವ ಅಧ್ಯಾಯವೊಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿದೆ. ಹೀಗೆ ಕಂಪೆನಿಗಳನ್ನು ಹಿಡಿದು ಕೇಳುವ ದಾರಿ ಕಾಣಿಸಿದೆ. ಆದರೆ ಪುರಸಭೆಯ ಪಂಪು ಸುಟ್ಟುಹೋದಾಗ, ಬೀದಿದೀಪ ತಿಂಗಳಿಡೀ ಉರಿಯದಾದಾಗ, ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ತುಕ್ಕುಹಿಡಿದು ನಿಂತಾಗ ಕೇಳುವ ದಾರಿ ಯಾವುದು? ಎಷ್ಟು ಸಾರಿ ಕೆಟ್ಟಿತು, ಏಕೆ ಕೆಟ್ಟಿತು, ಸರಿಪಡಿಸಲು ಎಷ್ಟು ದಿನ ಹಿಡಿಯಿತು ಎಂಬ ಪುಸ್ತಕವೊಂದು ಎಷ್ಟು ಕಚೇರಿಗಳಲ್ಲಿ ಇದೆ?

“ಹಣವೆಲ್ಲಿದೆ?” ಎಂದು ಅಧಿಕಾರಿಗಳು ಕೇಳಬಹುದು. ಹಣ ಇಲ್ಲದುದರಿಂದಲೇ ನಾವು ಈ ಮಾತನ್ನು ಹೇಳುತ್ತಿರುವುದು. ಉದಾಹರಣೆಗಾಗಿ, 40,000 ರೂಪಾಯಿಯ ಪಂಪೊಂದು ಎರಡು ವರ್ಷ ಬಾಳುವುದೆಂದೂ, 70,000 ರೂಪಾಯಿಯದೊಂದು ಆರು ವರ್ಷ ಬಾಳುವುದೆಂದೂ ಇಟ್ಟುಕೊಳ್ಳಿ. ಆರು ವರ್ಷಕ್ಕೆ ಅಗ್ಗದ ಪಂಪಿನ ವೆಚ್ಚ 1,20,000. ದುಬಾರಿಯೆನಿಸಿದ್ದರ ವೆಚ್ಚ 70,000. ಪಂಪು ನಿಂತ ದಿನಗಳಲ್ಲಿ ಹೆಂಗಸರು ಕೊಡ ಹೊತ್ತು ನಡೆದ ದೂರವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಆದರೆ ಕನಿಷ್ಠ ಬೆಲೆಯ ಟೆಂಡರೇ ಗೆಲ್ಲುವ ರೂಢಿಯಲ್ಲಿ ಮೊದಲನೆಯ ಪಂಪೇ ಊರಿಗೆ ಬರುವುದು. ಕಾಸಿಗೆ ತಕ್ಕ ಕಜ್ಜಾಯವೆಂದು ಗೊತ್ತಿದ್ದೂ ಅದನ್ನೇ ಮತ್ತೆ ಮತ್ತೆ ಕೊಳ್ಳುವುದು ಮಿತವ್ಯಯವೆಂದು ಕರೆಯಿಸಿಕೊಳ್ಳಲಾರದು. ಬೆಲೆಯೊಂದನ್ನೇ ನೋಡದೆ ಗುಣಕ್ಕೂ ತೂಕ ಕೊಡುವುದಕ್ಕೆ ಕೇಂದ್ರ ಹಣಕಾಸು ಸಚಿವಾಲಯದವರೇ 2021ರ ಅಕ್ಟೋಬರಿನ ತಮ್ಮ ಸೂಚನೆಗಳಲ್ಲಿ ಅವಕಾಶ ಕಲ್ಪಿಸಿದರು. ಆ ಬುದ್ಧಿಯು ಪುರಸಭೆಗಳವರೆಗೆ ಇಳಿದು ಬರಬೇಕಾಗಿದೆ.

ಕಾರ್ಖಾನೆಯೊಳಗೆ ಎಲ್ಲವೂ ಹತೋಟಿಯಲ್ಲಿರುವುದು, ಊರಿನಲ್ಲಿ ಹಾಗೆ ಸಾಧ್ಯವೇ ಎಂಬ ಆಕ್ಷೇಪವೂ ಉಂಟು. ಆದರೆ ಕಾರ್ಖಾನೆಯ ವಾಹನವು ಓಡುವುದು ಕಾರ್ಖಾನೆಯೊಳಗಲ್ಲ. ನಮ್ಮ ಧೂಳಿನಲ್ಲಿ, ನಮ್ಮ ಹಳ್ಳದಿಣ್ಣೆಗಳಲ್ಲಿ, ನಮ್ಮವರು ಹೇರುವ ಹೊರೆಯಲ್ಲಿ. ಇವೆಲ್ಲವನ್ನೂ ಮುಂಚಿತವಾಗಿ ಊಹಿಸಿ ನಕ್ಷೆ ಬರೆದುದರಿಂದಲೇ ಅದು ಕೈಕೊಡದೆ ಓಡುವುದು. ವಿದ್ಯುತ್ತಿನ ಏರಿಳಿತವನ್ನು ತಿಳಿದೂ ಅದನ್ನು ತಾಳಲಾರದ ಮೋಟಾರನ್ನು ಕೊಳ್ಳುವವರು ಪರಿಸ್ಥಿತಿಯನ್ನು ದೂರುವುದು ನ್ಯಾಯವಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಒಂದು: ಬಿಡದಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪುರಾಡಳಿತದವರು ಸಾರ್ವಜನಿಕ ಯಂತ್ರಗಳು ಕೆಟ್ಟ ವಿವರದ ಪುಸ್ತಕವನ್ನಿಟ್ಟು, ತಿಂಗಳಿಗೊಮ್ಮೆ ಅದರ ಸಾರಾಂಶವನ್ನು ಕಚೇರಿಯ ಬಾಗಿಲಲ್ಲಿ ಪ್ರಕಟಿಸತಕ್ಕದ್ದು. ಎರಡು: ಟೆಂಡರುಗಳಲ್ಲಿ ಕೊಳ್ಳುವ ಬೆಲೆಯನ್ನಲ್ಲದೆ ಬಾಳಿಕೆಯ ಅವಧಿಯ ಒಟ್ಟು ವೆಚ್ಚವನ್ನು ತೂಗಿ, ಸರಬರಾಜು ಮಾಡಿದವನನ್ನೇ ಕೆಲವು ವರ್ಷಗಳ ದುರಸ್ತಿಗೆ ಬದ್ಧನನ್ನಾಗಿ ಮಾಡತಕ್ಕದ್ದು. ಮೂರು: ದೋಷವನ್ನು ಮೊದಲು ಕಾಣುವವರು ನೀರುಗಂಟಿಯೂ ಲೈನ್‌ಮನ್ನರೂ ಆಗಿರುವುದರಿಂದ, ಅದನ್ನು ವರದಿ ಮಾಡಿದವನಿಗೆ ಗದರಿಕೆಯ ಬದಲು ಗೌರವ ಸಲ್ಲುವಂತೆ ಮೇಲಧಿಕಾರಿಗಳು ನೋಡಿಕೊಳ್ಳತಕ್ಕದ್ದು. ಕಾರ್ಖಾನೆಯ ಕೆಲಸಗಾರನ ತಲೆಯ ಮೇಲೆ ತೂಗುವ ಆ ಹಗ್ಗ ನಮ್ಮ ನೀರುಗಂಟಿಯ ಕೈಗೂ ಎಟುಕಬೇಕು.

ಪೌರರ ಪಾಲಿನ ಕರ್ತವ್ಯವೂ ಸಣ್ಣದಲ್ಲ. ಪ್ಲಗ್ಗು ಕಿತ್ತು ತಂತಿಯನ್ನೇ ಸಾಕೆಟ್ಟಿಗೆ ಸಿಕ್ಕಿಸುವುದು, ಫ್ಯೂಸಿನ ಎಡೆಯಲ್ಲಿ ದಪ್ಪ ತಂತಿ ಸುತ್ತುವುದು, ಬ್ರೇಕು ಕಿರುಗುಟ್ಟಿದರೂ ಮುಂದಿನ ವಾರ ನೋಡೋಣವೆನ್ನುವುದು ಇವೆಲ್ಲ ಎಳೆ ಕಡಿದಮೇಲೂ ಮಗ್ಗ ತಿರುಗಿಸುವ ಅಭ್ಯಾಸಗಳೇ.

ಬಿಡದಿಯ ಗೇಟಿನೊಳಗೆ ದುಡಿಯುವವರಲ್ಲಿ ಬಹು ಮಂದಿ ಈ ಸೀಮೆಯ ಮಕ್ಕಳೇ. 2007ರಿಂದ ಅಲ್ಲಿ ನಡೆಯುತ್ತಿರುವ ಕಂಪೆನಿಯ ತಾಂತ್ರಿಕ ತರಬೇತಿ ಶಾಲೆಯು ನಮ್ಮ ನಾಡಿನ ಹಳ್ಳಿಯ ಹುಡುಗರಿಗೆ ಇದೇ ಶಿಸ್ತನ್ನು ಕಲಿಸಿದೆ. ಗೇಟಿನೊಳಗೆ ಕೂದಲೆಳೆಯ ದೋಷಕ್ಕೂ ಕೆಲಸ ನಿಲ್ಲಿಸುವ ಆ ತರುಣನು ಸಂಜೆ ಮನೆಗೆ ಬಂದು ಒಣಗಿದ ನಲ್ಲಿಯ ಮುಂದೆ ಸುಮ್ಮನೆ ಕುಳಿತುಕೊಳ್ಳುವನಾದರೆ, ಅವನಿಗೆ ಬುದ್ಧಿ ಸಾಲದೆಂದು ಅರ್ಥವಲ್ಲ. ಊರಿನಲ್ಲಿ ಅವನು ಎಳೆಯಬಹುದಾದ ಹಗ್ಗವೊಂದನ್ನು ನಾವು ಕಟ್ಟಿಲ್ಲವೆಂದು ಅರ್ಥ. ಅದನ್ನು ಕಟ್ಟುವ ಕೆಲಸಕ್ಕೆ ಪರದೇಶದ ಬಂಡವಾಳ ಬೇಕಾಗಿಲ್ಲ. ಒಂದು ರಟ್ಟಿನ ಪುಸ್ತಕವೂ, “ಏಕೆ?” ಎಂದು ಐದು ಸಾರಿ ಕೇಳುವ ಸಹನೆಯೂ ಇದ್ದರೆ ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭಿಸಬಹುದು.