ಹಲಗೆ ಕಪಾಟಿನ ಸ್ಥಳಾಂತರ

ಅಜ್ಜನ ಕಾಲದ ತೇಗದ ಬೀರುವನ್ನು ನಾಲ್ಕು ಜನ ಹೊತ್ತು ಗಾಡಿಗೆ ಹೇರಿದರೂ ಅದು ಜಗ್ಗುತ್ತಿರಲಿಲ್ಲ. ಈಗಿನ ಕಪಾಟುಗಳ ಜಾತಿಯೇ ಬೇರೆ. ರಟ್ಟಿನ ಪೆಟ್ಟಿಗೆಯಲ್ಲಿ ಹಲಗೆಗಳಾಗಿ ಬಂದು, ಮನೆಯಲ್ಲೇ ಜೋಡಣೆಯಾಗಿ ನಿಲ್ಲುತ್ತವೆ. ಸ್ವೀಡನ್ನಿನ ಐಕಿಯಾ 1950ರ ದಶಕದಲ್ಲಿ ಹಿಡಿದ ಹಾದಿ ಇದು. ಆ ಮಳಿಗೆ 2018ರಲ್ಲಿ ಹೈದರಾಬಾದಿಗೆ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೆ ಬಂತು. ನಮ್ಮವರೇ ತಯಾರಿಸುವ ಇಂಥ ಸಾಮಾನುಗಳೂ ಸಾಕಷ್ಟಿವೆ. ಬಾಡಿಗೆ ಮನೆಯವರಿಗೆ ಇವು ಅನುಕೂಲವೇ. ಕಷ್ಟ ತಿಳಿಯುವುದು ಮನೆ ಬದಲಿಸುವ ದಿನ.

ಇವುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಮರದ ಚೂರುಗಳನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯಲ್ಲಿ ಮರದ ನಾರಿನ ಹಿಡಿತ ಇರುವುದಿಲ್ಲ. ಎತ್ತರದ ವಾರ್ಡ್‌ರೋಬನ್ನು ಹಾಗೆಯೇ ಓರೆ ಮಾಡಿ ಎಳೆದರೆ ಭಾರವೆಲ್ಲ ಸಂದುಗಳ ಮೇಲೆ ಬಿದ್ದು ಸ್ಕ್ರೂ ಕಿತ್ತು ಬರುತ್ತದೆ. ಹಾಗೆಂದು ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಬಿಚ್ಚಿದಷ್ಟೂ ತೂತು ಸಡಿಲ. ವಾರ್ಡ್‌ರೋಬ್, ಮಂಚ, ಮೇಜಿನ ಕಾಲುಗಳನ್ನು ಬಿಚ್ಚಿ. ಚಿಕ್ಕ ಕಪಾಟಿನ ಡ್ರಾಯರುಗಳನ್ನು ಮಾತ್ರ ಹೊರತೆಗೆದು ಚೌಕಟ್ಟನ್ನು ಹಾಗೆಯೇ ಸಾಗಿಸಿ. ಅಂಟು ಹಾಕಿದ ಸಂದಿಗೆ ಕೈ ಹಚ್ಚಬೇಡಿ.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಪ್ರತಿ ಸಂದಿನ ಫೋಟೋ ತೆಗೆದಿಡಿ. ಮೊದಲು ಬಾಗಿಲು, ತಟ್ಟೆಗಳು; ಬಳಿಕ ಕಪಾಟನ್ನು ಮಲಗಿಸಿ ಹಿಂಬದಿಯ ತೆಳು ಹಲಗೆ. ಚೌಕಟ್ಟು ವಾಲದಂತೆ ಹಿಡಿಯುವುದು ಅದೇ. ಮೊಳೆಗಳನ್ನು ನಿಧಾನವಾಗಿ ಎಬ್ಬಿಸಿ. ದುಂಡನೆಯ ಲಾಕುಗಳನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಹಲಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಸುತ್ತಿಗೆ ಬೇಡ. ಸ್ಕ್ರೂ, ಲಾಕು, ಅಲೆನ್ ಕೀಗಳನ್ನು ಒಂದೊಂದು ಸಾಮಾನಿಗೆ ಒಂದೊಂದು ಚೀಲದಂತೆ ಕಟ್ಟಿ, ಹೆಸರು ಬರೆದು, ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹಲಗೆಗಳ ನಡುವೆ ಹಳೆಯ ಬೆಡ್‌ಶೀಟ್, ಮೂಲೆಗಳಿಗೆ ರಟ್ಟು ಇರಲಿ. ಲಾರಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿ. ಮಲಗಿಸಿ ಮೇಲೆ ಭಾರ ಹೇರಬೇಡಿ. ಆಷಾಢ ಕಳೆಯಲಿ ಎಂದು ಕಾಯುವವರು ಹೊರಡುವ ವೇಳೆಗೆ ಬೆಂಗಳೂರಿನಲ್ಲಿ ಮಳೆ ಜೋರು. ಅಂಚಿನಿಂದ ನೀರು ಕುಡಿದು ಊದಿದ ಹಲಗೆ ಒಣಗಿದರೂ ಮೊದಲಿನಂತಾಗದು. ಆದ್ದರಿಂದ ಪ್ಲಾಸ್ಟಿಕ್ ಹಾಳೆ ಸುತ್ತುವುದು ಕಡ್ಡಾಯ.

ಹೊಸ ಮನೆಯಲ್ಲಿ ತೂತು ಸಡಿಲವೆನಿಸಿದರೆ ಮರದ ಅಂಟಿನಲ್ಲಿ ಅದ್ದಿದ ಹಲ್ಲುಕಡ್ಡಿಗಳನ್ನು ತುಂಬಿ, ಒಂದು ದಿನ ಒಣಗಿಸಿ, ಸ್ಕ್ರೂವನ್ನು ಕೈಯಿಂದಲೇ ತಿರುಗಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಕಪಾಟನ್ನು ಗೋಡೆಗೆ ಬಿಗಿಯುವ ಪಟ್ಟಿ. ತೆರೆದ ಡ್ರಾಯರಿನ ಮೇಲೆ ಮಗು ಹತ್ತಿದರೆ ಇಡೀ ಕಪಾಟು ಮಗುಚುತ್ತದೆ. ಹೀಗೆ ಮಕ್ಕಳು ಸತ್ತ ಪ್ರಕರಣಗಳ ನಂತರ 2016ರಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲು ಮುಂದಾಯಿತು. ಗೋಡೆಗೆ ತೂತು ಕೊರೆಯಲು ಮನೆ ಮಾಲೀಕರು ಒಪ್ಪದಿರಬಹುದು. ಚಿಕ್ಕ ಮಕ್ಕಳಿರುವವರು ಮುಂಗಡ ಕೊಡುವ ಮೊದಲೇ ಈ ಮಾತು ಆಡಿಕೊಳ್ಳುವುದು ಲೇಸು. ಕಪಾಟು ನಿಲ್ಲಿಸಿದ ದಿನವೇ ಪಟ್ಟಿ ಬಿಗಿಯಲಿ. ಬಟ್ಟೆಬರೆ ಜೋಡಿಸುವುದು ಆಮೇಲೆ.