ಹೆಂಜೇರಿನ ಕಂಬಗಳ ಪ್ರತಿರೂಪವಾದರೂ ಬೇಡವೇ?

ಮಡಕಶಿರಾ ಸೀಮೆಯ ಹೇಮಾವತಿಯೇ ಹಳೆಯ ಹೆಂಜೇರು, ನೊಳಂಬವಾಡಿ 32000ದ ರಾಜಧಾನಿ. ನೊಳಂಬ ಶಿಲ್ಪಿಗಳು ಇಲ್ಲಿ ಕೆತ್ತಿದ ಕಂಬಗಳು ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಸುರಕ್ಷಿತವಾಗಿವೆಯಲ್ಲ, ಇನ್ನೇನು ಬೇಕೆನ್ನುವವರಿದ್ದಾರೆ. ಸುರಕ್ಷತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೆಲ ಬಿಟ್ಟ ಕಂಬ ಬರಿಯ ಕಲಾವಸ್ತು. ತಾನು ಯಾವ ಊರಿನ ಚಾವಣಿಯನ್ನು ಹೊತ್ತಿದ್ದೆನೆಂದು ಅದು ಹೇಳಲಾರದು.

ಮೂಲ ಮರಳದಿದ್ದರೆ ಪ್ರತಿರೂಪವಾದರೂ ಬರಲಿ. ನಕಲಿಗೇನು ಬೆಲೆಯೆಂದು ಮೂಗು ಮುರಿಯುವವರು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ನೋಡಲಿ. ಇಂಥ ಅಚ್ಚುಗಳಿಗೆಂದೇ ಅಲ್ಲಿ 1873ರಲ್ಲಿ ಅಂಗಣ ತೆರೆಯಿತು. ರೋಮಿನ ಟ್ರೇಜನ್ ಸ್ತಂಭದ ಪ್ಲಾಸ್ಟರ್ ಅಚ್ಚು ಅಲ್ಲಿ ಎರಡು ತುಂಡಾಗಿ ನಿಂತಿದೆ. ಗಾಳಿ ಮಳೆಗೆ ಮೂಲದಲ್ಲಿ ಸವೆದ ವಿವರಗಳು ಈ ಅಚ್ಚಿನಲ್ಲಿ ಉಳಿದಿವೆ.

1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಗಡಿಗೆರೆ ಸರಿದರೂ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ನುಡಿ ಉಳಿಯಲು ಶಾಲೆ ಬೇಕು. ನೆನಪು ಉಳಿಯಲು ಕಣ್ಣೆದುರಿಗೊಂದು ಆಕಾರ ಬೇಕು. ಹೇಮಾವತಿಯಲ್ಲಿ ಆ ಕಂಬಗಳ ಪೂರ್ಣಗಾತ್ರದ ಅಚ್ಚು, ನೊಳಂಬ ದೇಗುಲಗಳ ಮಾದರಿ, ಕನ್ನಡ ತೆಲುಗು ಎರಡರಲ್ಲೂ ವಿವರಫಲಕ, ಈ ಮೂರನ್ನು ಆಂಧ್ರ ಮತ್ತು ತಮಿಳುನಾಡು ಸರ್ಕಾರಗಳ ಮುಂದಿಡೋಣ. ಗೋಷ್ಠಿಯಲ್ಲಿ ನೊಳಂಬರನ್ನು ಕೊಂಡಾಡಿ ಊಟ ಮುಗಿಸಿ ಚದುರುವ ನಮ್ಮ ಸಂಘಗಳೇ ಮೊದಲ ಅಚ್ಚಿಗೆ ಚಂದಾ ಎತ್ತಲಿ.