ಅಕ್ಷರ ಕಲಿಯೋದಕ್ಕೆ ಕಾಲೇಜು ಬೇಕೇ?



ಈ ಸಲ ನಮ್ಮ ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದ ಒಂದು ಚೀಟಿಯ ವಿಷಯ ಹೇಳುತ್ತೇನೆ. ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಮಗಳಿದ್ದರೆ ನೀವು ಇದನ್ನು ಓದಲೇಬೇಕು.

ಎರಡು ವರ್ಷದ ಹಿಂದಿನ ಮಾತು. ನನ್ನ ತಂಗಿಯ ಮಗಳು ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿ ಒಳ್ಳೆಯ ನಂಬರನ್ನೇ ತೆಗೆದಿದ್ದಳು. ಇಂಜಿನಿಯರಿಂಗ್ ಸೀಟು ಸಿಕ್ಕಂತೆಯೇ ಎಂದು ಮನೆಮಂದಿಯೆಲ್ಲ ಲೆಕ್ಕ ಹಾಕುತ್ತಿರುವಾಗ ಹುಡುಗಿ, "ನಾನು ಡಿಸೈನ್ ಕಾಲೇಜಿಗೆ ಹೋಗ್ತೀನಿ, ಅಕ್ಷರ ವಿನ್ಯಾಸ ಕಲೀತೀನಿ" ಎಂದು ಹಟ ಹಿಡಿದು ಕೂತಳು. ತಂಗಿ ನನಗೆ ಫೋನ್ ಮಾಡಿ, "ಅಕ್ಕಾ, ನಿನ್ನ ಮಾತು ಕೇಳ್ತಾಳೆ, ನೀನಾದರೂ ಬುದ್ಧಿ ಹೇಳು" ಎಂದಳು. ನಾನು ಹೇಳಿದೆ. ಹೇಳಬಾರದ ರೀತಿಯಲ್ಲಿ ಹೇಳಿದೆ. "ಅಲ್ಲ ಕಣೇ, ಅಕ್ಷರ ಬರೆಯೋದಕ್ಕೆ ನಾಲ್ಕು ವರ್ಷ ಕಾಲೇಜಾ? ಅದನ್ನ ಒಂದನೇ ಕ್ಲಾಸಿನಲ್ಲೇ ಕಲಿತಾಯ್ತಲ್ಲ!" ಸುತ್ತ ಕೂತಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ.

ಕೊನೆಗೆ ಗೆದ್ದದ್ದು ಅವಳೇ. ತಂಗಿ ತನ್ನ ಎರಡು ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ಮೊದಲ ಕಂತಿನ ಫೀಸು ಕಟ್ಟಿದಳು. ಹುಡುಗಿ ಮಾತ್ರ ನನ್ನೊಡನೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

ಈಗ ಚೀಟಿಯ ವಿಷಯಕ್ಕೆ ಬರೋಣ. ನಮ್ಮಮ್ಮ ನನ್ನ ಜೊತೆಯಲ್ಲೇ ಇದ್ದಾರೆ. ವಯಸ್ಸು 79. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿ ನೋವು ಎಂದು ದಿನಕ್ಕೆ ಐದು ಬಗೆಯ ಮಾತ್ರೆ. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕು ಎಂದು ನಾನೇ ಒಂದು ಹಾಳೆಯ ಮೇಲೆ ಬರೆದು ಅಂಟಿಸಿದ್ದೆ. ಎಡಗಡೆ ಮಾತ್ರೆಯ ಹೆಸರು, ಬಲಗಡೆ ಕೊನೆಯಲ್ಲಿ ಹೊತ್ತು. ನನ್ನ ಕೈಬರಹ ಚೆನ್ನಾಗಿದೆ ಎಂದು ನನಗೆ ಸ್ವಲ್ಪ ಜಂಬವೂ ಉಂಟು.

ಒಂದು ರಾತ್ರಿ ಅಮ್ಮ ಊಟ ಸೇರಲಿಲ್ಲವೆಂದು ಎರಡು ತುತ್ತು ತಿಂದು ಎದ್ದವರು, ಬೆಳಿಗ್ಗೆ ತೆಗೆದುಕೊಂಡಿದ್ದ ಸಕ್ಕರೆ ಕಾಯಿಲೆ ಮಾತ್ರೆಯನ್ನೇ ಮತ್ತೆ ನುಂಗಿಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ಬೆವರು, ಕೈಕಾಲು ನಡುಕ, ಕರೆದರೆ ಅರ್ಧಂಬರ್ಧ ಮಾತು. ಸಕ್ಕರೆ ನೀರು ಕುಡಿಸಿ, ಆಟೋ ಹಿಡಿದು ಡಾಕ್ಟರ ಬಳಿಗೆ ಓಡಿದೆವು. ದೇವರ ದಯೆಯಿಂದ ಬೆಳಗಿನ ಹೊತ್ತಿಗೆ ಸುಧಾರಿಸಿಕೊಂಡರು. ಆಗ ನಾನು ಏನು ಮಾಡಿದೆ ಗೊತ್ತೇ? ಅಮ್ಮನನ್ನೇ ಬೈದೆ. "ಅಷ್ಟು ಚೆನ್ನಾಗಿ ಬರೆದಿಟ್ಟಿದ್ದೀನಿ, ನೋಡ್ಕೋಬಾರದಾ?" ಅಮ್ಮ ಸುಮ್ಮನೆ ತಲೆ ತಗ್ಗಿಸಿ ಕೂತರು. ಆ ಮುಖ ಈಗಲೂ ಕಣ್ಣಮುಂದೆ ಬರುತ್ತದೆ.

ಅದೇ ವಾರ ದಸರಾ ರಜೆಗೆಂದು ಹುಡುಗಿ ಅಜ್ಜಿಯನ್ನು ನೋಡಲು ಬಂದಳು. ನಡೆದದ್ದನ್ನೆಲ್ಲ ಕೇಳಿ, ಕಪಾಟಿನ ಮುಂದೆ ನಿಂತು ಚೀಟಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ತಪ್ಪು ಅಜ್ಜೀದಲ್ಲ ದೊಡ್ಡಮ್ಮ, ಚೀಟೀದು" ಎಂದಳು.

ನನಗೆ ಚುರುಕ್ಕೆಂದಿತು. ಆದರೂ ಕೇಳಿಸಿಕೊಂಡೆ. ಅವಳು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀಟಿಯನ್ನು ಗಟ್ಟಿಯಾಗಿ ಓದಿಸಿದಳು. ಎಲ್ಲೆಲ್ಲಿ ಅಜ್ಜಿ ತಡವರಿಸಿದರೋ ಅಲ್ಲಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟಳು. ಆಗ ಗೊತ್ತಾದದ್ದು ಇಷ್ಟು. ಮಾತ್ರೆಯ ಹೆಸರಿಗೂ ಹೊತ್ತಿಗೂ ನಡುವೆ ಗೇಣುದ್ದ ಜಾಗ ಖಾಲಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿಯ ಕಣ್ಣು ಕೆಳಗಿನ ಸಾಲಿಗೆ ಜಾರುತ್ತಿತ್ತು. ಸಾಲುಗಳಂತೂ ಒಂದರ ಮೇಲೊಂದು ಕೂತಿದ್ದವು. 'ರಾತ್ರಿ'ಯ ತಕಾರದ ಕೆಳಗಿನ ಒತ್ತು, 'ಬೆಳಿಗ್ಗೆ'ಯ ಗಕಾರದ ಕೆಳಗಿನ ಒತ್ತು ಎರಡೂ ಇಳಿದು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ಸಿಕ್ಕಿಹಾಕಿಕೊಂಡಿದ್ದವು. ಎಳೆಗಣ್ಣಿಗೆ ಅದು ತೊಂದರೆಯಲ್ಲ. 79 ವರ್ಷದ ಕಣ್ಣಿಗೆ ಅದು ಮುಳ್ಳುಬೇಲಿ.

ಹುಡುಗಿ ಹೊಸದಾಗಿ ಬರೆಯಲು ಕೂತಳು. ಮೊದಲು ಮಾತ್ರೆಯ ಹೆಸರಲ್ಲ, ಹೊತ್ತು. ಯಾಕೆಂದರೆ, "ಅಜ್ಜಿ 'ಈ ಮಾತ್ರೆ ಯಾವಾಗ' ಅಂತ ಯೋಚಿಸಲ್ಲ ದೊಡ್ಡಮ್ಮ, 'ಈಗ ಬೆಳಿಗ್ಗೆ, ಏನು ತಗೋಬೇಕು' ಅಂತ ಯೋಚಿಸ್ತಾರೆ." ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಮನೆ ಮಾಡಿ, ಒಂದೊಂದರ ಸುತ್ತ ಧಾರಾಳವಾಗಿ ಜಾಗ ಬಿಟ್ಟಳು. ಸಾಲಿಗೂ ಸಾಲಿಗೂ ನಡುವೆ ಒತ್ತು ಇಳಿಯುವಷ್ಟು ಅಂತರ. ಬಿಳಿ ಹಾಳೆ, ಕಪ್ಪು ಶಾಯಿ, ಅಲಂಕಾರವೇನೂ ಇಲ್ಲ. ಒಂದಲ್ಲ, ನಾಲ್ಕು ಸಲ ಬರೆದು, ಪ್ರತಿ ಸಲವೂ ಅಜ್ಜಿಯಿಂದ ಓದಿಸಿ ತಿದ್ದಿದಳು. ಡಾಕ್ಟರ ಚೀಟಿಗೆ ಹೋಲಿಸಿ ನೋಡುವ ಕೆಲಸ ಮಾತ್ರ ನನ್ನದಾಯಿತು. ನಾಲ್ಕನೆಯದನ್ನು ಅಮ್ಮ ಕನ್ನಡಕ ಸರಿಮಾಡಿಕೊಂಡು ಗಡಗಡನೆ ಓದಿ, ನನ್ನ ಕಡೆ ತಿರುಗಿ, "ಮೊದಲೇ ಹಿಂಗೆ ಬರೆಯೋದಕ್ಕೆ ನಿನಗೇನಾಗಿತ್ತೇ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿದೆ: "ಅಲ್ಲಿ ಏನು ಕಲಿಸ್ತಾರೆ ಮರೀ?" ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ನಿಮಗೂ ಹೇಳುತ್ತೇನೆ.

ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಚಿತ್ರ ಬಿಡಿಸುವುದು, ಬಣ್ಣ, ಆಕಾರ. ಅಕ್ಷರದ ತರಗತಿ ಅವರಿಗೆ ಎರಡನೇ ವರ್ಷದಲ್ಲಿ. ಅಲ್ಲಿಯೂ ಶುರುವಿನಲ್ಲಿ ಕಂಪ್ಯೂಟರ್ ಮುಟ್ಟುವಂತಿಲ್ಲ. ಚಪ್ಪಟೆ ಮೂತಿಯ ಪೆನ್ನು, ಕುಂಚ, ಹಿಂದಿನದು ಕಾಣುವ ತೆಳು ಹಾಳೆ. ಒಂದೇ 'ಅ'ವನ್ನು ದಿನವಿಡೀ ಬರೆದು, ಎಲ್ಲಿ ಗೆರೆ ದಪ್ಪ, ಎಲ್ಲಿ ತೆಳು, ಪೆನ್ನನ್ನು ಎಷ್ಟು ಓರೆ ಹಿಡಿದರೆ ಹಾಗಾಗುತ್ತದೆ ಎಂದು ಕಂಡುಕೊಳ್ಳಬೇಕು. ಆಮೇಲೆ ಕಣ್ಣಂದಾಜಿನ ಪಾಠ. ಒಂದು ಚೌಕ, ಒಂದು ವೃತ್ತವನ್ನು ಒಂದೇ ಎತ್ತರಕ್ಕೆ ಬರೆದು ನೋಡಿ, ವೃತ್ತ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಗುಂಡಗಿನ ಅಕ್ಷರವನ್ನು ಒಂದು ಕೂದಲೆಳೆ ದೊಡ್ಡದಾಗಿ ಬರೆದರೇ ಸಮವೆನಿಸುತ್ತದೆ. ಅಳತೆಪಟ್ಟಿ ಸರಿ ಎಂದರೂ ಕಣ್ಣು ಸರಿ ಎನ್ನಬೇಕು. ನಾವು ಸಾರಿಗೆ ಉಪ್ಪು ಹಾಕುವ ಕೈಯಂದಾಜಿನ ಹಾಗೆಯೇ ಅಲ್ಲವೇ?

ನಂತರ ಪುಟದ ಪಾಠ. ರಂಗೋಲಿಗೆ ಚುಕ್ಕಿ ಇಟ್ಟ ಮೇಲೆ ತಾನೇ ಎಳೆ ಎಳೆಯುವುದು? ಹಾಗೆಯೇ ಪುಟಕ್ಕೂ ಮೊದಲು ಕಾಣದ ಗೆರೆಗಳ ಚೌಕಟ್ಟು ಹಾಕಿಕೊಳ್ಳುತ್ತಾರೆ. ತಲೆಬರಹ ಎಲ್ಲಿ, ಸಾಲು ಎಷ್ಟುದ್ದ, ಅಂಚಿನಲ್ಲಿ ಎಷ್ಟು ಬಿಡಬೇಕು ಎಂಬುದೆಲ್ಲ ಅದರ ಮೇಲೆ ನಿಲ್ಲುತ್ತದೆ. ಹಿಂದೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರಂತೆ. ಸಾಲಂತರಕ್ಕೆ 'ಲೆಡ್ಡಿಂಗ್' ಎಂಬ ಹೆಸರು ಬಂದದ್ದು ಅದರಿಂದಲೇ.

ಈ ವಿದ್ಯೆ ಕನ್ನಡಕ್ಕೆ ಇನ್ನೂ ಕಷ್ಟ. ಇಂಗ್ಲಿಷಿಗೆ 26 ಅಕ್ಷರ, ಚಿಕ್ಕದು ದೊಡ್ಡದು ಸೇರಿ 52. ನಮ್ಮ ವರ್ಣಮಾಲೆ 49 ಎಂದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ತಲೆಕಟ್ಟು, ದೀರ್ಘ, ಗುಡಿಸು, ಕೊಂಬು ಎಂದು ನಾವು ರಾಗವಾಗಿ ಹೇಳುತ್ತಿದ್ದ ಕಾಗುಣಿತವೆಲ್ಲ ಬೇರೆ ಬೇರೆ ಆಕಾರ. 34 ವ್ಯಂಜನಗಳಿಗೂ ಒಂದೊಂದು ಒತ್ತು. ಯಾವುದರ ಕೆಳಗೆ ಯಾವುದು ಬಂದರೂ ಅಂದಗೆಡದೆ ಕೂರಬೇಕು. 34ನ್ನು 34ರಿಂದ ಗುಣಿಸಿ ನೋಡಿ, 1156. 'ಸ್ತ್ರೀ' ಎಂಬ ನಮ್ಮ ಹೆಸರನ್ನೇ ತೆಗೆದುಕೊಳ್ಳಿ. ಒಂದು ಸಕಾರ, ಅದಕ್ಕೆ ಎರಡು ಒತ್ತು, ಮೇಲೊಂದು ಗುಡಿಸು, ಪಕ್ಕಕ್ಕೊಂದು ದೀರ್ಘ. ಇಷ್ಟನ್ನೂ ಹೊತ್ತುಕೊಂಡು ಸಾಲಿನಲ್ಲಿ ಸಮವಾಗಿ ನಿಲ್ಲಬೇಕು. ಹೊರೆ ನಮಗೆ ಹೊಸದಲ್ಲ ಬಿಡಿ!

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು 1841ರಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು ಕಲ್ಲಚ್ಚಿನಲ್ಲಿ. 1894ರಲ್ಲಿ ಕಿಟೆಲ್ಲರ ನಿಘಂಟು ಬಂದದ್ದೂ ಅದೇ ಮಂಗಳೂರಿನಿಂದ. ಇನ್ನು ಕಂಪ್ಯೂಟರ್ ಕಾಲದಲ್ಲಿ, 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ 'ತುಂಗಾ' ಎಂಬ ಕನ್ನಡ ಅಕ್ಷರಗಳನ್ನು ಎಷ್ಟೋ ಕಚೇರಿಗಳಲ್ಲಿ ಬಳಸಿದರು. ಅದರ ಹಿಂದಿದ್ದವರು ಮಹಾರಾಷ್ಟ್ರದ ಆರ್. ಕೆ. ಜೋಶಿ. ಮುಂಬೈ ಐ.ಐ.ಟಿ.ಯ ಡಿಸೈನ್ ವಿಭಾಗದಲ್ಲಿ ವರ್ಷಗಟ್ಟಲೆ ಈ ವಿದ್ಯೆಯನ್ನು ಕಲಿಸಿದ ಮೇಷ್ಟ್ರು, 2008ರಲ್ಲಿ ತೀರಿಕೊಂಡರು.

ಇನ್ನೊಂದು ವಿಷಯ ಹುಡುಗಿ ಹೇಳಿದಾಗ ನನ್ನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಇಂಗ್ಲೆಂಡಿನ ಸಾಲ್‌ಫರ್ಡ್ಸ್ ಎಂಬಲ್ಲಿ ಮಾನೋಟೈಪ್ ಕಂಪನಿಯ ಕಾರ್ಖಾನೆಯಿತ್ತು. ಅಲ್ಲಿ ಅಕ್ಷರಗಳ ದೊಡ್ಡ ನಕ್ಷೆಗಳನ್ನು, ಒಂದೊಂದೂ ಸುಮಾರು 10 ಅಂಗುಲ ಎತ್ತರ, ಕೂತು ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಪುಸ್ತಕಗಳಲ್ಲಿ ಹೆಸರು ಬಂದದ್ದು ಗಂಡಸರದು. ಈಗ ರೆಡಿಂಗ್ ವಿಶ್ವವಿದ್ಯಾಲಯದವರು ಆ ಹೆಂಗಸರ ಕೆಲಸವನ್ನು ಹುಡುಕಿ ದಾಖಲೆ ಮಾಡಿದ್ದಾರೆ. ಆ ಕೆಲಸದಲ್ಲಿ ಮುಂದಾದ ಫಿಯೋನಾ ರಾಸ್ ಅವರು ಲೈನೋಟೈಪ್ ಕಂಪನಿಯಲ್ಲಿದ್ದಾಗ ಬಂಗಾಳಿ ಪತ್ರಿಕೆಯಾದ 'ಆನಂದಬಜಾರ್'ಗಾಗಿ ಅಕ್ಷರ ರೂಪಿಸುವ ಕೆಲಸದಲ್ಲಿ ದುಡಿದವರು. "ಒಂದನೇ ಕ್ಲಾಸಿನಲ್ಲೇ ಕಲಿತಾಯ್ತಲ್ಲ" ಎಂದು ನಕ್ಕಿದ್ದೆನಲ್ಲ, ಆ ಮಾತು ಎಷ್ಟು ಹಗುರವಾಗಿತ್ತು ಎಂದು ಆಗ ಅರ್ಥವಾಯಿತು.

ಹಾಗೆಂದು ನಿಮ್ಮ ಮಕ್ಕಳನ್ನೆಲ್ಲ ಇದಕ್ಕೇ ಸೇರಿಸಿ ಎಂದು ನಾನು ಹೇಳುವುದಿಲ್ಲ. ಮಗಳು ಇಂಥ ಆಸೆ ಹೇಳಿದರೆ ಮಾತ್ರ, ನನ್ನ ಹಾಗೆ ನಗಬೇಡಿ. ಕೆಲವು ವಿಷಯ ವಿಚಾರಿಸಿ.

ಮೊದಲನೆಯದು ಪರೀಕ್ಷೆ. ಅಹಮದಾಬಾದಿನ ಎನ್.ಐ.ಡಿ.ಗೆ 'ಡ್ಯಾಟ್' ಎಂಬ ಪ್ರವೇಶ ಪರೀಕ್ಷೆ, ಮುಂಬೈ ಐ.ಐ.ಟಿ. ಮೊದಲಾದ ಕಡೆಗಳ ಡಿಸೈನ್ ಪದವಿಗೆ 'ಯುಸೀಡ್'. ಎರಡೂ ನಾಲ್ಕು ವರ್ಷದ ಓದು. ಆರ್ಟ್ಸ್, ಕಾಮರ್ಸ್ ಓದಿದವರೂ ಬರೆಯಬಹುದು. ಅರ್ಜಿ ಹಾಕುವ ಗಡುವು ಪಿ.ಯು.ಸಿ. ಪರೀಕ್ಷೆಗಿಂತ ಮೊದಲೇ ಮುಗಿದುಹೋಗುತ್ತದೆ, ಆದ್ದರಿಂದ ದ್ವಿತೀಯ ಪಿ.ಯು.ಸಿ. ಶುರುವಿನಿಂದಲೇ ಗಮನವಿರಲಿ. ಹತ್ತಿರದಲ್ಲೇ ಬೇಕೆಂದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆಯ ದೃಶ್ಯಕಲಾ ಕಾಲೇಜುಗಳಲ್ಲಿ ಅನ್ವಯಿಕ ಕಲೆಯನ್ನು ವಿಚಾರಿಸಿ.

ಎರಡನೆಯದು ಹಣ. ಖಾಸಗಿ ಡಿಸೈನ್ ಕಾಲೇಜುಗಳಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಆಗುತ್ತದೆ. ಫೀಸಿನ ಜೊತೆಗೆ ಹಾಸ್ಟೆಲ್, ಬಣ್ಣ, ಹಾಳೆ, ಲ್ಯಾಪ್‌ಟಾಪ್ ಎಲ್ಲವನ್ನೂ ನಾಲ್ಕು ವರ್ಷಕ್ಕೆ ಕೂಡಿಸಿ ನೋಡಿ, ಆಮೇಲೆ ಹೂಂ ಎನ್ನಿ. ಓದಿನ ಸಾಲಕ್ಕೆ ಬ್ಯಾಂಕಿನಲ್ಲಿ ಕೇಳಿ, ಬಳೆಗೆ ಕೈಹಾಕುವುದು ಕೊನೆಗಿರಲಿ.

ಮೂರನೆಯದು ಪಾಠ. "ಕನ್ನಡ ಅಕ್ಷರವನ್ನು ಕಲಿಸ್ತೀರಾ, ಬರೀ ಇಂಗ್ಲಿಷಾ?" ಎಂದು ಸಂಕೋಚವಿಲ್ಲದೆ ಕೇಳಿ. ಮಕ್ಕಳು ಮಾಡಿದ ಕೆಲಸ ತೋರಿಸಿ ಎನ್ನಿ. ಬಣ್ಣದ ಕರಪತ್ರ ನೋಡಿ ಮರುಳಾಗಬೇಡಿ.

ನಾಲ್ಕನೆಯದು ಮಗಳ ಸ್ವಭಾವ. ಕೈಬರಹ ದುಂಡಗಿದ್ದರೆ ಸಾಲದು, ನನ್ನದೂ ದುಂಡಗೇ ಇತ್ತಲ್ಲ! ಒಂದೇ ಕೆಲಸವನ್ನು ನಾಲ್ಕು ಸಲ ಅಳಿಸಿ ಮಾಡುವ ತಾಳ್ಮೆ, ಇನ್ನೊಬ್ಬರು ಹೇಗೆ ಓದುತ್ತಾರೆ ಎಂದು ಕೇಳುವ ಗುಣ ಇದೆಯೇ ನೋಡಿ. ಕೆಲಸ ಪತ್ರಿಕೆ, ಪುಸ್ತಕ, ಪೊಟ್ಟಣ, ಆಸ್ಪತ್ರೆಯ ಫಲಕ, ಮೊಬೈಲು ಎಲ್ಲ ಕಡೆ ಉಂಟು. ಆದರೆ ಮೊದಲ ದಿನದಿಂದಲೇ ದೊಡ್ಡ ಸಂಬಳ ಎಂಬ ಭರವಸೆ ಇಲ್ಲ. ಅದನ್ನು ಮಗಳಿಗೂ ಮೊದಲೇ ಹೇಳಿ.

ಕೊನೆಗೆ, ಇವತ್ತೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಮನೆಯಲ್ಲಿ ಹಿರಿಯರ ಮಾತ್ರೆಯ ಚೀಟಿ ಇದ್ದರೆ ಅವರಿಂದಲೇ ಗಟ್ಟಿಯಾಗಿ ಓದಿಸಿ. ತಡವರಿಸಿದರೆ ಅವರನ್ನು ಬೈಯಬೇಡಿ, ಚೀಟಿಯನ್ನು ಬದಲಾಯಿಸಿ. ಹೊತ್ತು ಮೇಲೆ, ಮಾತ್ರೆ ಕೆಳಗೆ, ಸಾಲುಗಳ ನಡುವೆ ಒಂದು ಬೆರಳಿನ ಜಾಗ. ಬರೆದದ್ದನ್ನು ಡಾಕ್ಟರಿಗೋ ಔಷಧಿ ಅಂಗಡಿಯವರಿಗೋ ಒಮ್ಮೆ ತೋರಿಸಿ.

ರಜೆ ಮುಗಿಸಿ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಗೆ, "ಅವತ್ತು ಹಾಗೆ ಅನ್ನಬಾರದಿತ್ತು ಮರೀ" ಎಂದೆ. ಅವಳು, "ಬಿಡಿ ದೊಡ್ಡಮ್ಮ" ಎಂದು ಚಕ್ಕುಲಿ ಡಬ್ಬಿ ತೆಗೆದುಕೊಂಡು ಬಸ್ ಹತ್ತಿದಳು. ತಂಗಿಯ ಬಳೆಗಳು ಇನ್ನೂ ಬ್ಯಾಂಕಿನಲ್ಲೇ ಇವೆ. ಬರುವ ಕಂತಿಗೆ ನಾನೂ ಕೈಲಾದಷ್ಟು ಸೇರಿಸುತ್ತೇನೆಂದು ಹೇಳಿದ್ದೇನೆ.

ನಿಮ್ಮ ಮನೆಯ ಚೀಟಿ ಹೇಗಿದೆ, ಓದಿಸಿ ನೋಡಿದಾಗ ಏನಾಯಿತು, ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸೇರೋಣ.